ಬಾದಾಮಿ–ಐಹೊಳೆ ಸೀಮೆಯಲ್ಲಿ ವಿದೇಶಿ ಪ್ರವಾಸಿಯ ರೊಕ್ಕ: ವಿನಿಮಯ ಮತ್ತು ಚಿಲ್ಲರೆ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಇಳಕಲ್ಲುಗಳಿಗೆ ಬರುವ ವಿದೇಶಿ ಪ್ರವಾಸಿ ಹಣದ ವಿಷಯದಲ್ಲಿ ಎರಡು ಕೆಲಸ ಮಾಡಬೇಕಾಗುತ್ತದೆ. ಮೊದಲನೆಯದು, ತನ್ನ ನಾಡಿನ ಡಾಲರನ್ನೋ ಯೂರೋವನ್ನೋ ರೂಪಾಯಿಗೆ ಬದಲಿಸಿಕೊಳ್ಳುವುದು. ಎರಡನೆಯದು, ಆ ರೂಪಾಯಿಯನ್ನು ಇಲ್ಲಿನ ಹೋಟೆಲು, ಬಸ್ಸು, ಸಂತೆ, ಗುಡಿಗಳಲ್ಲಿ ನಡೆಯುವ ಮೊತ್ತಕ್ಕೆ ಮುರಿಸಿಕೊಳ್ಳುವುದು. ಪ್ರವಾಸ ಕೈಪಿಡಿಗಳು ಮೊದಲ ಕೆಲಸದ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಆದರೆ ಮಲಪ್ರಭೆ ಮತ್ತು ಘಟಪ್ರಭೆಗಳ ನಡುವಿನ ಈ ಸೀಮೆಯಲ್ಲಿ ಪ್ರವಾಸಿಯ ದಿನವನ್ನು ಸುಗಮ ಮಾಡುವುದು ಅಥವಾ ಕೆಡಿಸುವುದು ಎರಡನೆಯ ಕೆಲಸ. ವಿನಿಮಯ ದರದಲ್ಲಿ ಎರಡು ರೂಪಾಯಿ ಹೋದರೆ ಗೊತ್ತೂ ಆಗುವುದಿಲ್ಲ. ಐಹೊಳೆಯ ಬಸ್ಸಿನಲ್ಲಿ ಐನೂರರ ನೋಟು ಹಿಡಿದು ನಿಂತರೆ ಇಡೀ ಬಸ್ಸಿಗೆ ಗೊತ್ತಾಗುತ್ತದೆ.

ಹೊರನಾಡಿನ ಹಣ ಈ ನೆಲಕ್ಕೆ ಹೊಸತಲ್ಲ. ಸಾವಿರ ವರ್ಷಗಳ ಹಿಂದೆ ಇಲ್ಲಿನವರೇ ಹೊರನಾಡುಗಳಲ್ಲಿ ಹಣ ಎಣಿಸಿದವರು.

ಐನೂರ್ವರಿಂದ ಹಾಲಿ ಸಿಕ್ಕಾವರೆಗೆ

ಹುನಗುಂದ ತಾಲ್ಲೂಕಿನ ಐಹೊಳೆ ಇಂದು ಗುಡಿಗಳ ಊರು. ಶಾಸನಗಳಲ್ಲಿ ಅದು ಅಯ್ಯಾವೊಳೆ. ‘ಅಯ್ಯಾವೊಳೆ ಐನೂರ್ವರು’ ಎಂದು ಕರೆಸಿಕೊಂಡ ವರ್ತಕ ಸಂಘದ ಮೂಲಸ್ಥಾನ. ಈ ಸಂಘದ ಹೆಸರು ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕಾಗಳ ಶಾಸನಗಳಲ್ಲಿ ಸಿಗುತ್ತದೆ, ಕಡಲು ದಾಟಿಯೂ ಸಿಗುತ್ತದೆ. ಸುಮಾತ್ರಾ ದ್ವೀಪದ ಪಶ್ಚಿಮ ತೀರದಲ್ಲಿರುವ ಬಾರುಸ್ ಬಳಿ ದೊರೆತ 1088ರ ತಮಿಳು ಶಾಸನ ಐನೂರ್ವರದೇ. ಕರ್ಪೂರಕ್ಕೆ ಹೆಸರಾಗಿದ್ದ ಆ ಬಂದರಿಗೆ ಬರುವ ಹಡಗಿನ ಒಡೆಯರೂ ನಾವಿಕರೂ ಕಸ್ತೂರಿಯ ಬೆಲೆಯನ್ನು ಅಳತೆಗೋಲಾಗಿಟ್ಟುಕೊಂಡು ಚಿನ್ನದಲ್ಲಿ ಶುಲ್ಕ ಕೊಡಬೇಕೆಂದು ಅದು ವಿಧಿಸುತ್ತದೆ. ಹಲವು ನಾಡಿನ ಜನ ಸೇರುವ ಬಂದರಿನಲ್ಲಿ ಯಾವ ಅರಸನ ನಾಣ್ಯವನ್ನು ನಂಬುವುದೆಂಬ ಪ್ರಶ್ನೆಗೆ ವರ್ತಕರು ಕಂಡುಕೊಂಡ ಉತ್ತರ ಅದು: ಎಲ್ಲರೂ ಒಪ್ಪುವ ಲೋಹ, ಎಲ್ಲರಿಗೂ ಗೊತ್ತಿರುವ ಸರಕಿನ ಬೆಲೆ. ಇಂದಿನ ವಿನಿಮಯ ದರದ ಫಲಕದ ಹಿಂದಿರುವ ವಿಚಾರವೂ ಇದಕ್ಕಿಂತ ಬಹಳ ದೂರದ್ದಲ್ಲ.

ಆ ಕಾಲದ ಕನ್ನಡ ನಾಡಿನಲ್ಲಿ ದೊಡ್ಡ ಲೆಕ್ಕಕ್ಕೆ ಚಿನ್ನದ ಗದ್ಯಾಣವಿತ್ತು, ಅದರ ಕೆಳಗೆ ಪಣ, ಹಾಗ, ವೀಸಗಳಿದ್ದವು. ಬಾದಾಮಿಗೆ ದಕ್ಷಿಣದ ಲಕ್ಕುಂಡಿಯಲ್ಲಿ ಟಂಕಸಾಲೆಯಿತ್ತು. ಅಲ್ಲಿ ಅಚ್ಚಾದ ಗದ್ಯಾಣವನ್ನು ಶಾಸನಗಳು ಊರಿನ ಹೆಸರು ಹಿಡಿದೇ ಕರೆಯುತ್ತವೆ. ದಾನ ಕೊಡುವವನು ಬರೀ ಗದ್ಯಾಣ ಎನ್ನದೆ ಯಾವ ಊರಿನ ಗದ್ಯಾಣ ಎಂದು ಬರೆಸುತ್ತಿದ್ದನೆಂದರೆ, ಒಂದು ಟಂಕಸಾಲೆಯ ನಾಣ್ಯಕ್ಕೂ ಇನ್ನೊಂದರದಕ್ಕೂ ತೂಕ, ಮಟ್ಟಗಳಲ್ಲಿ ವ್ಯತ್ಯಾಸವಿತ್ತೆಂದೇ ಅರ್ಥ. ಪರಸ್ಥಳದವನಿಗೆ ನಾಣ್ಯ ಪರೀಕ್ಷಿಸುವವನ ನೆರವಿಲ್ಲದೆ ವ್ಯವಹಾರ ಕಷ್ಟವಿತ್ತು.

ವಿದೇಶಿ ಪ್ರವಾಸಿಯೊಬ್ಬ ಕನ್ನಡ ನಾಡಿನ ಹಣದ ಬಗ್ಗೆ ಬರೆದ ಅತ್ಯುತ್ತಮ ಟಿಪ್ಪಣಿ 15ನೆಯ ಶತಮಾನದ್ದು. ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಇಲ್ಲಿನ ನಾಣ್ಯಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸಿದ್ದಾನೆ: ಚಿನ್ನದ ವರಾಹ, ಅದರ ಅರ್ಧ ಪರತಾಬ್, ಪರತಾಬಿನ ಹತ್ತನೆಯ ಒಂದು ಪಾಲು ಫಣಂ. ಫಣಂನ ಆರನೆಯ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೆಯ ಒಂದು ಪಾಲು ತಾಮ್ರದ ಜಿತಲ್. ಲೆಕ್ಕ ಹಾಕಿದರೆ ಒಂದು ವರಾಹಕ್ಕೆ 20 ಫಣಂ, 120 ತಾರ, 360 ಜಿತಲ್. ಅರಮನೆಯಿಂದ ಅವನಿಗೆ ದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಜೊತೆಗೆ ಎರಡು ವರಾಹ ಸಲ್ಲುತ್ತಿತ್ತು. ಆದರೆ ಚಿನ್ನದ ಮೂರು ನಾಣ್ಯಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಫಣಂ ಎಂದು ಅವನು ಗುರುತಿಸಿದ್ದಾನೆ. ದೊಡ್ಡ ನಾಣ್ಯ ಗೌರವಕ್ಕೆ, ಸಣ್ಣ ನಾಣ್ಯ ಬದುಕಿಗೆ ಎಂಬುದನ್ನು ಅತಿಥಿಯಾಗಿದ್ದವನೂ ಕೆಲವೇ ತಿಂಗಳಲ್ಲಿ ಕಂಡುಕೊಂಡಿದ್ದ. ಮುಂದೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ವಿಜಯನಗರದ ಚಿನ್ನದ ನಾಣ್ಯ ಭಾರತದಲ್ಲೆಲ್ಲ ಚಲಾವಣೆಯಾಗುತ್ತದೆಂದು ಬರೆದ.

ಆ ನಂಬಿಕೆ ಅರಸೊತ್ತಿಗೆಯ ಜೊತೆಗೇ ಕುಸಿಯಿತು. 1565ರಲ್ಲಿ, ಹುನಗುಂದ ಸೀಮೆಗೆ ಹತ್ತಿರದ ಕೃಷ್ಣಾ ತೀರದ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ವಿಜಯನಗರ ಸೋತಿತು. ಎರಡು ವರ್ಷದ ಮೇಲೆ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡೆರಿಕ್ ಆ ಹಾಳು ರಾಜಧಾನಿಯಲ್ಲಿ ಏಳು ತಿಂಗಳು ತಂಗಿದ್ದು, ಪಡುವಣ ಕರಾವಳಿಯ ಕಡೆ ಹೊರಟ. ದಾರಿಯಲ್ಲಿ ಒಬ್ಬೊಬ್ಬ ಪಾಳೆಯಗಾರನದೂ ಒಂದೊಂದು ತಾಮ್ರದ ನಾಣ್ಯ. ಇವತ್ತು ಕೈಗೆ ಬಂದ ಚಿಲ್ಲರೆ ನಾಳಿನ ಊರಿನಲ್ಲಿ ನಡೆಯುತ್ತಿರಲಿಲ್ಲವೆಂದು ಅವನು ಬರೆದಿದ್ದಾನೆ. ಚಿನ್ನ ಎಲ್ಲಿಯೂ ಚಿನ್ನವೇ. ಅಕ್ಕಿ, ತರಕಾರಿ ಕೊಳ್ಳುವ ತಾಮ್ರ ಮಾತ್ರ ಊರಿಂದೂರಿಗೆ ಸತ್ತುಹೋಗುತ್ತಿತ್ತು. ರಾಜ್ಯ ಮುರಿದುಬಿದ್ದಾಗ ಸಾಮಾನ್ಯನ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ಯುದ್ಧದ ವರ್ಣನೆಗಳಿಗಿಂತ ಈ ಒಂದು ಮಾತು ಚೆನ್ನಾಗಿ ಹೇಳುತ್ತದೆ.

ಬಾಗಲಕೋಟೆಗೂ ತನ್ನದೇ ರೂಪಾಯಿ ಇತ್ತು. ಮರಾಠರ ಕಾಲದಲ್ಲಿ ಇಲ್ಲಿ ಆಳಿದ ರಾಸ್ತೆ ಮನೆತನದ ಮಲ್ಹಾರರಾಯನ ಹೆಸರಿನಿಂದ ‘ಮಲ್ಹಾರಶಾಹಿ’ ಎನಿಸಿಕೊಂಡ ಬೆಳ್ಳಿ ರೂಪಾಯಿ ಬಾಗಲಕೋಟೆಯ ಟಂಕಸಾಲೆಯಲ್ಲಿ ಅಚ್ಚಾಗುತ್ತಿತ್ತು. 1835ರ ಕಾಯಿದೆ ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ತೂಕದ ರೂಪಾಯಿ ತಂದ ಮೇಲೆ ಇಂಥ ಊರ ನಾಣ್ಯಗಳು ನಿಧಾನವಾಗಿ ಮರೆಯಾದವು.

ಆದರೂ ಹುನಗುಂದ, ಇಳಕಲ್ಲುಗಳ ಜನಕ್ಕೆ ಪರದೇಶದ ಹಣ ಇನ್ನೂ ನೂರಿಪ್ಪತ್ತು ವರ್ಷ ಮನೆಬಾಗಿಲಲ್ಲೇ ಉಳಿಯಿತು. ಆ ಊರುಗಳು ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಪಕ್ಕದ ಕುಷ್ಟಗಿ, ಲಿಂಗಸುಗೂರುಗಳು ನಿಜಾಮನ ರಾಯಚೂರು ಜಿಲ್ಲೆಗೆ ಸೇರಿದ್ದವು. ನಿಜಾಮನ ಸೀಮೆಯಲ್ಲಿ ನಡೆಯುತ್ತಿದ್ದುದು ಹೈದರಾಬಾದಿನ ‘ಹಾಲಿ ಸಿಕ್ಕಾ’ ರೂಪಾಯಿ. ಅಂಥ ಏಳು ರೂಪಾಯಿಗೆ ಬ್ರಿಟಿಷ್ ಭಾರತದ ಆರು ರೂಪಾಯಿ ಸಮ. ಇಳಕಲ್ಲಿನ ಸೀರೆ ಗಡಿ ದಾಟಿ ಮಾರಾಟವಾದರೆ ಬೆಲೆಯನ್ನು ಎರಡು ಲೆಕ್ಕದಲ್ಲಿ ಹೇಳಬೇಕು. ಬೀಗರ ಊರಿಗೆ ಹೋಗುವವರು, ಎತ್ತು ಕೊಳ್ಳಲು ಜಾತ್ರೆಗೆ ಹೋಗುವವರು, ಇಂದು ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಲ್ಲುವವರ ಹಾಗೆಯೇ, ಏಳಕ್ಕೆ ಆರರ ಲೆಕ್ಕ ಹಾಕಿಕೊಂಡೇ ಹೆಜ್ಜೆ ಇಡಬೇಕಿತ್ತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೂ ಆ ರೂಪಾಯಿ ಕೆಲಕಾಲ ಉಳಿದಿತ್ತು. 1959ಕ್ಕೆ ಪೂರ್ತಿ ನಿಂತಿತು. ಅಷ್ಟರಲ್ಲಿ 1957ರ ಏಪ್ರಿಲ್ 1ರಂದು ಆಣೆ, ಪೈಗಳೂ ಹೋಗಿ ದಶಮಾಂಶದ ನಯೇ ಪೈಸೆ ಬಂದಿತ್ತು.

ಗಡಿ ದಾಟುವ ಹಣ, ಇಂದಿನ ನಿಯಮ

ರೂಪಾಯಿಯನ್ನು ಊರಿನಲ್ಲೇ ಕೊಂಡು ಜೇಬು ತುಂಬಿಸಿಕೊಂಡು ಬರಲು ವಿದೇಶಿ ಪ್ರವಾಸಿಗೆ ಅವಕಾಶವಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊರದೇಶದ ನಿವಾಸಿ ವಿಮಾನ ನಿಲ್ದಾಣದ ಮೂಲಕ ತರಬಹುದಾದ ಭಾರತೀಯ ನೋಟುಗಳ ಮಿತಿ ₹25,000. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಿಗೆ ಈ ಸೌಲಭ್ಯವೂ ಇಲ್ಲ. ವಿದೇಶಿ ಹಣವನ್ನು ಎಷ್ಟು ಬೇಕಾದರೂ ತರಬಹುದು. ಆದರೆ ನೋಟುಗಳೇ 5,000 ಡಾಲರ್ ಮೌಲ್ಯವನ್ನು, ಅಥವಾ ನೋಟು, ಟ್ರಾವೆಲರ್ಸ್ ಚೆಕ್ಕುಗಳೆಲ್ಲ ಸೇರಿ 10,000 ಡಾಲರ್ ಮೌಲ್ಯವನ್ನು ಮೀರಿದರೆ ಕಸ್ಟಮ್ಸ್ ಮುಂದೆ ಘೋಷಣಾ ಪತ್ರ ಕೊಡಬೇಕು.

ವಿನಿಮಯ ಮಾಡಿಕೊಡುವ ಅಧಿಕಾರ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ (ಫೆಮಾ) ಪ್ರಕಾರ ಪರವಾನಗಿ ಪಡೆದ ಬ್ಯಾಂಕು ಮತ್ತು ಹಣ ಬದಲಾವಣೆ ಸಂಸ್ಥೆಗಳಿಗೆ ಮಾತ್ರ. ಬಸ್ ನಿಲ್ದಾಣದಲ್ಲೋ ವಸತಿಗೃಹದ ಜಗಲಿಯಲ್ಲೋ ‘ಒಳ್ಳೆ ರೇಟು ಕೊಡ್ತೀನಿ’ ಎಂದು ಹತ್ತಿರ ಬರುವವನ ಜೊತೆಗಿನ ವ್ಯವಹಾರ ಕಾನೂನುಬಾಹಿರ. ಅದಕ್ಕಿಂತ ಮುಖ್ಯವಾಗಿ, ಆ ವ್ಯವಹಾರದಲ್ಲಿ ರಸೀದಿ ಇರುವುದಿಲ್ಲ. ಪರವಾನಗಿಯುಳ್ಳ ಕೌಂಟರು ಕೊಡುವ ವಿನಿಮಯ ಪ್ರಮಾಣಪತ್ರ ಒಂದು ತುಂಡು ಕಾಗದವೆಂದು ತೋರಿದರೂ, ಉಳಿದ ರೂಪಾಯಿಯನ್ನು ಮರಳಿ ಡಾಲರು ಮಾಡುವಾಗ ಮೊದಲು ಕೇಳುವುದು ಅದನ್ನೇ.

ಕೌಂಟರಿನ ಫಲಕದಲ್ಲಿ ಕೊಳ್ಳುವ ದರ, ಮಾರುವ ದರ ಎಂದು ಎರಡಿರುತ್ತವೆ. ಪ್ರವಾಸಿಗೆ ಸಿಗುವುದು ಕೊಳ್ಳುವ ದರ. ಎರಡರ ನಡುವಿನ ಅಂತರವೇ ಸಂಸ್ಥೆಯ ಲಾಭ. ಇದರ ಮೇಲೆ ಜಿಎಸ್‌ಟಿ ಇದೆ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ನ್ನು, ಕನಿಷ್ಠ ₹250ನ್ನು, ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ 18 ತೆರಿಗೆ. ಎಂದರೆ ಸಣ್ಣ ವಿನಿಮಯಕ್ಕೆ ₹45, ಲಕ್ಷಕ್ಕೆ ₹180. ಸ್ವಲ್ಪಸ್ವಲ್ಪವೇ ಪದೇಪದೇ ಬದಲಿಸುವುದರಿಂದ ಈ ಕನಿಷ್ಠ ತೆರಿಗೆ ಪ್ರತಿ ಸಲವೂ ಬೀಳುತ್ತದೆ. ಹರಿದ, ಮಡಿಕೆ ಬಿದ್ದ, ಮೇಲೆ ಬರೆದ ಡಾಲರ್ ನೋಟುಗಳನ್ನು ಕೌಂಟರುಗಳು ಹಿಂದಿರುಗಿಸುವುದು ಸಾಮಾನ್ಯ.

ಬಾದಾಮಿಗೆ ಬರುವವರಲ್ಲಿ ಹೆಚ್ಚಿನವರು ಗೋವಾದಿಂದ, ಹಂಪಿಯಿಂದ ಅಥವಾ ಬೆಂಗಳೂರಿನಿಂದ ಹುಬ್ಬಳ್ಳಿ, ಗದಗ ಮಾರ್ಗವಾಗಿ ಬರುತ್ತಾರೆ. ವಿಮಾನ ನಿಲ್ದಾಣವಿರುವ ಹತ್ತಿರದ ದೊಡ್ಡ ಊರಾದ ಹುಬ್ಬಳ್ಳಿ ನೂರು ಕಿ.ಮೀ.ಗೂ ಹೆಚ್ಚು ದೂರ. ಆದ್ದರಿಂದ ವಿನಿಮಯದ ಕೆಲಸವನ್ನು ಬೆಂಗಳೂರು, ಗೋವಾ ಅಥವಾ ಹುಬ್ಬಳ್ಳಿಯಲ್ಲೇ ಮುಗಿಸಿಕೊಳ್ಳುವುದು ಜಾಣತನ. ಬಾದಾಮಿ, ಬಾಗಲಕೋಟೆ, ಇಳಕಲ್ಲುಗಳಲ್ಲಿ ಬ್ಯಾಂಕುಗಳಿಗೇನೂ ಕೊರತೆಯಿಲ್ಲ, ಆದರೆ ಅವು ಕಟ್ಟಿರುವುದು ರೈತರ, ನೇಕಾರರ, ವರ್ತಕರ ಖಾತೆಗಳ ಸುತ್ತ. ವಿಚಿತ್ರವೆಂದರೆ ಇಳಕಲ್ಲಿನ ಕೆಂಪು ಗ್ರಾನೈಟು ದೂರದ ದೇಶಗಳಿಗೆ ರಫ್ತಾಗುತ್ತದೆ. ವಿದೇಶಿ ವಿನಿಮಯ ಈ ಊರಿಗೆ ಬ್ಯಾಂಕಿನ ಲೆಕ್ಕಪತ್ರವಾಗಿ ಧಾರಾಳವಾಗಿ ಬಂದಿದೆ. ನೋಟಿನ ರೂಪದಲ್ಲಿ ಬಂದ ಐವತ್ತು ಯೂರೋ ಮಾತ್ರ ಅದೇ ಊರಿನಲ್ಲಿ ಪೇಚಿಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಉಳಿಯುವ ದಾರಿ ಎಟಿಎಂ. ವಿದೇಶಿ ಕಾರ್ಡು ಹಾಕಿದಾಗ ಇಲ್ಲಿನ ಬ್ಯಾಂಕಿನ ಶುಲ್ಕ, ಅಲ್ಲಿನ ಬ್ಯಾಂಕಿನ ಶುಲ್ಕ ಎರಡೂ ಬೀಳಬಹುದು. ಯಂತ್ರದ ಪರದೆ ಕೆಲವೊಮ್ಮೆ ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ’ ಎಂದು ಕೇಳುತ್ತದೆ. ಬೇಡವೆಂದು ರೂಪಾಯಿಯನ್ನೇ ಆರಿಸಬೇಕು. ಯಂತ್ರ ಒಡ್ಡುವ ದರ ಪ್ರವಾಸಿಯ ಸ್ವಂತ ಬ್ಯಾಂಕಿನ ದರಕ್ಕಿಂತ ಸಾಮಾನ್ಯವಾಗಿ ತುಟ್ಟಿ. ಒಂದೇ ಯಂತ್ರವನ್ನು ನಂಬಿ ಕೈ ಖಾಲಿ ಮಾಡಿಕೊಳ್ಳಬಾರದು. ಬನಶಂಕರಿ ಜಾತ್ರೆಯಂಥ ದಿನಗಳಲ್ಲಿ ಊರಿಗೆ ಊರೇ ನಗದು ತೆಗೆಯಲು ಸಾಲು ನಿಂತಿರುತ್ತದೆ.

ಚಿಲ್ಲರೆಯ ಬವಣೆ

ಎಟಿಎಂ ಕೊಡುವುದು ಬಹುಪಾಲು ಐನೂರರ ನೋಟು. ಬಾದಾಮಿಯ ಚಹಾ, ಮಿರ್ಚಿ ಭಜಿ, ರೊಟ್ಟಿ ಊಟ, ನಿಲ್ದಾಣದಿಂದ ಊರಿಗೆ ಐದು ಕಿ.ಮೀ. ಆಟೊ, ಪಟ್ಟದಕಲ್ಲಿನ ಬಸ್ಸು — ಇವು ಯಾವುದೂ ಐನೂರರ ಲೆಕ್ಕದವಲ್ಲ. ‘ಚಿಲ್ಲರ ಇಲ್ರಿ’ ಎಂಬ ಮಾತನ್ನು ಈ ಸೀಮೆಯಲ್ಲಿ ಪ್ರವಾಸಿ ಬಂದ ದಿನವೇ ಕಲಿಯುತ್ತಾನೆ. ಅದನ್ನು ತನ್ನನ್ನು ಸುಲಿಯುವ ಹೂಟವೆಂದು ತಿಳಿದು ಸಿಟ್ಟಾಗುವವರೂ ಇದ್ದಾರೆ. ಅದು ಅನ್ಯಾಯದ ತೀರ್ಮಾನ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದ ಚಹಾದಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನಾನೂರ ತೊಂಬತ್ತು ರೂಪಾಯಿ ಇರುವುದಿಲ್ಲ. ಇದ್ದರೂ ಒಬ್ಬ ಗಿರಾಕಿಗೆ ಅಷ್ಟನ್ನೂ ಕೊಟ್ಟರೆ ಮುಂದಿನ ಹತ್ತು ಗಿರಾಕಿಗಳಿಗೆ ಏನು ಕೊಡುವುದು?

ಈ ಕೊರತೆ ರಿಸರ್ವ್ ಬ್ಯಾಂಕಿಗೂ ಗೊತ್ತಿರುವುದೇ. 2025ರ ಏಪ್ರಿಲ್‌ನಲ್ಲಿ ಅದು ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತು: 2025ರ ಸೆಪ್ಟೆಂಬರ್ 30ರೊಳಗೆ ಶೇ 75 ಎಟಿಎಂಗಳು, 2026ರ ಮಾರ್ಚ್ 31ರೊಳಗೆ ಶೇ 90 ಎಟಿಎಂಗಳು ಕನಿಷ್ಠ ಒಂದು ಪೆಟ್ಟಿಗೆಯಿಂದ ನೂರರ ಅಥವಾ ಇನ್ನೂರರ ನೋಟು ಕೊಡಬೇಕು. ಯಂತ್ರದಲ್ಲಿ ಐನೂರರಿಂದ ಭಾಗವಾಗದ ಮೊತ್ತ, ಉದಾಹರಣೆಗೆ ₹4,900, ಕೇಳಿದರೆ ಇಂಥ ಪೆಟ್ಟಿಗೆಯಿದ್ದಲ್ಲಿ ಸಣ್ಣ ನೋಟು ಸಿಗುತ್ತದೆ.

ದೊಡ್ಡ ನೋಟು ಮುರಿಸಲು ಊರವರೇ ಬಳಸುವ ಜಾಗಗಳಿವೆ: ಪೆಟ್ರೋಲ್ ಬಂಕು, ಔಷಧಿ ಅಂಗಡಿ, ಮಧ್ಯಾಹ್ನದ ಹೊತ್ತಿನ ಖಾನಾವಳಿ. ಸ್ಮಾರಕಗಳ ಟಿಕೆಟ್ ಕೌಂಟರು ಇನ್ನೊಂದು. ಪುರಾತತ್ವ ಸರ್ವೇಕ್ಷಣ ಇಲಾಖೆಯ 2018ರ ದರದಂತೆ ಬಾದಾಮಿ ಗುಹೆಗಳಿಗೂ ಐಹೊಳೆಗೂ ಭಾರತೀಯರಿಗೆ ₹25, ವಿದೇಶಿಯರಿಗೆ ₹300. 1987ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಪಟ್ಟದಕಲ್ಲಿಗೆ ಭಾರತೀಯರಿಗೆ ₹40, ವಿದೇಶಿಯರಿಗೆ ₹600. ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳ ಪ್ರವಾಸಿಗಳಿಗೆ ಭಾರತೀಯರ ದರವೇ. ಅಮೆರಿಕದ ಪಾಸ್‌ಪೋರ್ಟ್ ಪಡೆದಿರುವ, ಆದರೆ ಒಸಿಐ ಕಾರ್ಡುಳ್ಳ ಕನ್ನಡಿಗ ಕುಟುಂಬಗಳಿಗೂ ಅದೇ ದರ. ರಜೆಗೆ ಮಕ್ಕಳನ್ನು ಕರೆತರುವ ಎಷ್ಟೋ ತಂದೆತಾಯಿಗಳು ಆ ಕಾರ್ಡನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದು ಪೂರ್ತಿ ದರ ತೆರುವುದುಂಟು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಬಸ್ಸಿನ ಲೋಕ ಬೇರೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕಂಡಕ್ಟರು ಚಿಲ್ಲರೆ ಇಲ್ಲದಾಗ ಕೊಡಬೇಕಾದ ಬಾಕಿಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುತ್ತಾನೆ. ಇಳಿಯುವ ಮುನ್ನ ಅದನ್ನು ತೋರಿಸಿ ಹಣ ಪಡೆಯಬೇಕು. ಇದು ಕರ್ನಾಟಕದ ಬಸ್ಸುಗಳ ಹಳೆಯ, ನಂಬಿಕೆಯ ಪದ್ಧತಿ. ಅರಿಯದ ಪ್ರವಾಸಿ ಅದನ್ನು ಸೀಟಿನ ಸಂಖ್ಯೆಯೆಂದು ತಿಳಿದು ಟಿಕೆಟ್ಟನ್ನು ಎಸೆದರೆ ಬಾಕಿಯೂ ಹೋಯಿತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಪಕ್ಕದ ಸೀಟಿನ ಹೆಂಗಸರೆಲ್ಲ ಶೂನ್ಯ ದರದ ಟಿಕೆಟ್ ಪಡೆಯುವುದನ್ನು ಕಂಡು ವಿದೇಶಿ ಮಹಿಳೆಗೆ ಅಚ್ಚರಿಯಾಗಬಹುದು. ಅದು ಕರ್ನಾಟಕದ ನಿವಾಸಿ ಮಹಿಳೆಯರಿಗೆ ಮಾತ್ರ.

ನೋಟು, ನಾಣ್ಯ, ಕೈಯ ರೀತಿ

ಮಹಾತ್ಮಾ ಗಾಂಧಿ ಹೊಸ ಸರಣಿಯ ನೋಟುಗಳನ್ನು ಬಣ್ಣದಿಂದಲೇ ಗುರುತಿಸಬಹುದು: ಹತ್ತು ಚಾಕೊಲೇಟ್ ಕಂದು, ಇಪ್ಪತ್ತು ಹಸಿರು ಬೆರೆತ ಹಳದಿ, ಐವತ್ತು ತಿಳಿನೀಲಿ, ನೂರು ಲ್ಯಾವೆಂಡರ್, ಇನ್ನೂರು ಗಾಢ ಹಳದಿ, ಐನೂರು ಕಲ್ಲಿನ ಬೂದು. ಎಲ್ಲದರ ಬೆನ್ನಿಗೂ ಒಂದು ಪರಂಪರೆಯ ತಾಣವಿದೆ. ಐವತ್ತರ ಹಿಂದಿರುವುದು ಹಂಪಿಯ ಕಲ್ಲಿನ ರಥ, ಹಿಂದಿನ ದಿನವಷ್ಟೇ ಪ್ರವಾಸಿ ಅದರ ಮುಂದೆ ನಿಂತು ಬಂದಿರುತ್ತಾನೆ. ಇಪ್ಪತ್ತರ ಹಿಂದೆ ಎಲ್ಲೋರಾ. ಅಲ್ಲಿನ ಕೈಲಾಸ ದೇವಾಲಯಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಮಾದರಿಯಾಯಿತೆಂದು ಕಲಾ ಇತಿಹಾಸಕಾರರು ಹೇಳುತ್ತಾರೆ. ಲೋಕಮಹಾದೇವಿ ರಾಣಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯ ಹೊಸ್ತಿಲಲ್ಲಿ ಇಪ್ಪತ್ತರ ನೋಟು ಕೈಯಲ್ಲಿ ಹಿಡಿದವರು ಇದನ್ನು ನೆನೆಯುವುದು ತಕ್ಕದ್ದು. ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ಮೇಲಿನಿಂದ ನಾಲ್ಕನೆಯದು. ಇವುಗಳಲ್ಲಿ ಎಷ್ಟೋ ನೋಟು ಅಚ್ಚಾಗಿರುವುದೂ ಕರ್ನಾಟಕದಲ್ಲೇ. 1995ರಲ್ಲಿ ಸ್ಥಾಪನೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯ ಎರಡು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ.

ಹಳೆಯ ನೋಟುಗಳ ಬಗ್ಗೆ ಒಂದು ಎಚ್ಚರಿಕೆ. ಹತ್ತು ವರ್ಷದ ಹಿಂದೆ ಬಂದು ಹೋದವರು ನೆನಪಿಗೆಂದು ಉಳಿಸಿಕೊಂಡ ಹಳೆಯ ಐನೂರು, ಸಾವಿರದ ನೋಟುಗಳಿಗೆ 2016ರ ನವೆಂಬರ್ 8ರ ರಾತ್ರಿಯಿಂದ ಬೆಲೆಯಿಲ್ಲ, ಈಗ ಬದಲಿಸಲೂ ಬರುವುದಿಲ್ಲ. ಆ ನೋಟು ರದ್ದತಿ ಬಂದದ್ದು ಬಾದಾಮಿ, ಹಂಪಿಗಳ ಪ್ರವಾಸದ ಹಂಗಾಮು ಶುರುವಾಗುವ ಹೊತ್ತಿಗೆ. ವಿದೇಶಿ ಪೌರರು ವಾರಕ್ಕೆ ₹5,000ದಷ್ಟು ಮಾತ್ರ ಬದಲಿಸಬಹುದೆಂದು, ಅದನ್ನು ಪಾಸ್‌ಪೋರ್ಟಿನಲ್ಲಿ ಗುರುತು ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಕಾರ್ಡು ಯಂತ್ರವಿಲ್ಲದ ವಸತಿಗೃಹ, ಖಾಲಿ ಎಟಿಎಂಗಳ ನಡುವೆ ಪ್ರವಾಸಿಗೂ ಅವನನ್ನೇ ನಂಬಿದ ಆಟೊ ಚಾಲಕನಿಗೂ ಅದು ಕಷ್ಟದ ಕಾಲ. ಎರಡು ಸಾವಿರದ ನೋಟಿನ ಕತೆ ಬೇರೆ. 2023ರ ಮೇ 19ರಂದು ಚಲಾವಣೆಯಿಂದ ಹಿಂತೆಗೆದರೂ ಅದು ಕಾನೂನುಬದ್ಧ ಹಣವಾಗಿಯೇ ಉಳಿದಿದೆ. ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಬೆಂಗಳೂರೂ ಸೇರಿದಂತೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಮಾತ್ರ ಬದಲಿಸಿಕೊಳ್ಳಬೇಕು.

ಹರಿದ ನೋಟು ಪ್ರವಾಸಿಯ ಕೈಗೆ ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ಚಿಲ್ಲರೆ ಪಡೆಯುವಾಗಲೇ ಎರಡೂ ಕಡೆ ತಿರುಗಿಸಿ ನೋಡಿ, ಟೇಪು ಅಂಟಿಸಿದ್ದರೆ ಹಿಂದಿರುಗಿಸುವುದು ಇಲ್ಲಿ ಯಾರಿಗೂ ಬೇಸರ ತರುವ ಕೆಲಸವಲ್ಲ; ಊರವರೂ ಹಾಗೆಯೇ ಮಾಡುತ್ತಾರೆ. ಹರಿದ ನೋಟನ್ನು 2009ರ ನೋಟು ಮರುಪಾವತಿ ನಿಯಮದಂತೆ ಬ್ಯಾಂಕಿನಲ್ಲಿ ಬದಲಿಸಬಹುದು. ಹತ್ತು ರೂಪಾಯಿ ನಾಣ್ಯದ ಗೋಜಲು ಇನ್ನೂ ಹಠಮಾರಿಯದು. ನಕಲಿ ಎಂಬ ಗಾಳಿಸುದ್ದಿಗೆ ಹೆದರಿ ಹಲವು ಕಡೆ ಅಂಗಡಿಯವರು ಅದನ್ನು ಬೇಡವೆನ್ನುತ್ತಿದ್ದರು. ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿರುವ ಎಲ್ಲ ಹತ್ತರ ನಾಣ್ಯಗಳೂ ಅಸಲಿಯೆಂದು 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿತು.

ಬೆಲೆ ಕೇಳಿಸಿಕೊಳ್ಳುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಈ ಸೀಮೆಯಲ್ಲಿ ಹಣಕ್ಕೆ ರೊಕ್ಕ ಎನ್ನುತ್ತಾರೆ. ನೂರೈವತ್ತಕ್ಕೆ ‘ದೀಡ ನೂರು’, ಇನ್ನೂರೈವತ್ತಕ್ಕೆ ‘ಅಡೀಚ ನೂರು’ ಎನ್ನುವವರು ಸಂತೆಯಲ್ಲಿ ಇನ್ನೂ ಇದ್ದಾರೆ. ಮೈಸೂರಿನಿಂದ ಬಂದವರೂ ಇಲ್ಲಿ ಎರಡನೆಯ ಸಲ ಕೇಳಬೇಕಾಗುತ್ತದೆ. ಮೊಬೈಲಿನಲ್ಲಿ ಅಂಕಿ ಬರೆದು ತೋರಿಸಲು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀರಿನ ಬಾಟಲಿ, ಬಿಸ್ಕತ್ತುಗಳ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುವುದರಿಂದ ಅಲ್ಲಿ ಚೌಕಾಸಿಯೂ ಇಲ್ಲ, ಮೋಸಕ್ಕೆ ಎಡೆಯೂ ಕಡಿಮೆ. ಪಟ್ಟದಕಲ್ಲು, ಐಹೊಳೆಗಳನ್ನು ಸುತ್ತಿಸಿ ತರುವ ಆಟೊದ ಬಾಡಿಗೆಯನ್ನು ಮಾತ್ರ ಕಾಯುವ ಹೊತ್ತಿನ ಸಮೇತ ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.

ಹಣ ಕೊಡುವುದು, ಪಡೆಯುವುದು ಬಲಗೈಯಿಂದ. ಬೆಳಗಿನ ಮೊದಲ ವ್ಯಾಪಾರದ ಹಣ ‘ಬೋಣಿಗೆ’. ಅಂಗಡಿಯಾಕೆ ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುತ್ತಾಳೆ. ಬೋಣಿಗೆಯ ಗಿರಾಕಿ ಬಹಳ ಚೌಕಾಸಿ ಮಾಡಿ ಏನೂ ಕೊಳ್ಳದೆ ಹೋದರೆ ಅವಳ ಮನಸ್ಸಿಗೆ ಆಗುವ ಕಿರಿಕಿರಿ ಹಣದ್ದಲ್ಲ, ಇಡೀ ದಿನದ ಶಕುನದ್ದು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಿಂದ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದೆಂದು ನಂಬುವವರು ಆ ಕೆಲ ನಿಮಿಷ ನೋಟು ಮುರಿದುಕೊಡಲು ಹಿಂಜರಿಯುತ್ತಾರೆ. ನೋಟು ನೆಲಕ್ಕೆ ಬಿದ್ದರೆ ಕಾಲಿನಿಂದ ತಡೆಯುವುದಂತೂ ಕೂಡದು. ಗುಡಿಯ ಆರತಿ ತಟ್ಟೆಗೆ ಹಾಕುವ ಮೊತ್ತಕ್ಕೆ ದರವಿಲ್ಲ. ಹತ್ತು ರೂಪಾಯಿಯೂ ಗೌರವವೇ. ಮದುವೆಗೆ ಕರೆದರೆ ಮುಯ್ಯಿಯ ಲಕೋಟೆಯಲ್ಲಿ ನೂರರ ಜೊತೆಗೆ ಒಂದು ರೂಪಾಯಿ ಸೇರಿಸುವುದು ರೂಢಿ.

ನಗದಿಲ್ಲದ ಹಾದಿ ಮತ್ತು ಅದರ ಕೊನೆ

ಬಾಗಲಕೋಟೆ ತಾಲ್ಲೂಕಿನ ಬೇವೂರಿನಂಥ ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಇಂದು ಕ್ಯೂಆರ್ ಫಲಕ ಕಾಣುತ್ತದೆ. ಊರವನು ಐದು ರೂಪಾಯಿಯ ಚಹಾಕ್ಕೂ ಮೊಬೈಲು ತೋರಿಸಿ ಹೊರಡುತ್ತಾನೆ. ಆ ಸೌಲಭ್ಯದ ಹೊರಗೆ ಉಳಿಯುವವನು ವಿದೇಶಿ. ಯುಪಿಐ ಓಡಲು ಭಾರತೀಯ ಬ್ಯಾಂಕ್ ಖಾತೆ ಬೇಕು, ಸಾಮಾನ್ಯವಾಗಿ ಇಲ್ಲಿನ ಮೊಬೈಲ್ ಸಂಖ್ಯೆಯೂ ಬೇಕು. ಈ ಬಾಗಿಲು ತೆರೆಯಲು 2023ರ ಫೆಬ್ರುವರಿಯಲ್ಲಿ, ಭಾರತ ಜಿ–20 ಅಧ್ಯಕ್ಷತೆ ವಹಿಸಿದ್ದಾಗ, ಆ ಗುಂಪಿನ ದೇಶಗಳ ಪ್ರವಾಸಿಗಳಿಗೆ ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಯುಪಿಐ ವ್ಯಾಲೆಟ್ ಕೊಡಲು ರಿಸರ್ವ್ ಬ್ಯಾಂಕ್ ಒಪ್ಪಿತು. ‘ಯುಪಿಐ ಒನ್ ವರ್ಲ್ಡ್’ ಹೆಸರಿನ ಈ ವ್ಯಾಲೆಟ್ಟಿಗೆ ಪಾಸ್‌ಪೋರ್ಟ್, ವೀಸಾ ಪರಿಶೀಲನೆಯ ನಂತರ ಹಣ ತುಂಬಿಸಿಕೊಡುತ್ತಾರೆ. 2024ರಲ್ಲಿ ಇದನ್ನು ಉಳಿದ ದೇಶಗಳವರಿಗೂ ವಿಸ್ತರಿಸಲಾಯಿತು. ಚಿಲ್ಲರೆಯ ಸಮಸ್ಯೆಗೆ ಇದಕ್ಕಿಂತ ನೇರವಾದ ಪರಿಹಾರ ಈವರೆಗೆ ಬಂದಿಲ್ಲ. ಆದರೆ ಅದನ್ನು ಮಾಡಿಸಿಕೊಳ್ಳಬೇಕಾದ್ದು ಬೆಂಗಳೂರಿನಂಥ ಕಡೆ; ಬಾದಾಮಿ ತಲುಪಿದ ಮೇಲೆ ನೆನಪಾದರೆ ತಡವಾಯಿತು.

ದೊಡ್ಡ ಖರೀದಿಯಲ್ಲಿಯೂ ನಗದು, ಕಾರ್ಡುಗಳ ಹಂಚಿಕೆ ಊರ ಸ್ವಭಾವವನ್ನೇ ಅನುಸರಿಸುತ್ತದೆ. ಇಳಕಲ್ಲಿನ ದೊಡ್ಡ ಸೀರೆ ಅಂಗಡಿಗಳಲ್ಲಿ ಕಾರ್ಡು ನಡೆಯುತ್ತದೆ, ಬಿಲ್ಲು ಸಿಗುತ್ತದೆ. ತೋಪು ತೆನೆಯ ಸೆರಗು ನೇಯುವ ಮಗ್ಗದ ಮನೆಗೇ ಹೋಗಿ ಕೊಳ್ಳುವವರು, ಗುಳೇದಗುಡ್ಡದ ಖಣವನ್ನು ನೇಕಾರರ ಕೈಯಿಂದಲೇ ಪಡೆಯುವವರು ನಗದು ಒಯ್ಯಬೇಕು. ಒಂದು ಸೀರೆಗೆ ಸಾವಿರಾರು ರೂಪಾಯಿ ಆಗುವಲ್ಲಿ ಐನೂರರ ನೋಟು ಕೊನೆಗೂ ಸಲೀಸಾಗಿ ಖರ್ಚಾಗುತ್ತದೆ. ಚಳಿಗಾಲದಲ್ಲಿ ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ಬಂದು ವಾರಗಟ್ಟಲೆ ತಂಗುವ ವಿದೇಶಿ ಯುವಕರು ಇನ್ನೊಂದು ಉಪಾಯ ಕಂಡುಕೊಂಡಿರುತ್ತಾರೆ: ಒಂದೇ ಖಾನಾವಳಿಯಲ್ಲಿ ಲೆಕ್ಕ ಬರೆಸಿ ಕೊನೆಗೆ ಒಟ್ಟಿಗೆ ಕೊಡುವುದು. ಉದ್ರಿ ಪುಸ್ತಕದಲ್ಲಿ ಊರ ಶಾಲಾ ಮಾಸ್ತರರ ಹೆಸರಿನ ಕೆಳಗೆ ಅವರ ಹೆಸರೂ ಇರುತ್ತದೆ.

ಹೊರಡುವ ಮುನ್ನ ಉಳಿದ ರೂಪಾಯಿಯ ಲೆಕ್ಕ. ವಿನಿಮಯ ಪ್ರಮಾಣಪತ್ರ ಇದ್ದರೆ ಅದನ್ನು ಮರಳಿ ವಿದೇಶಿ ಹಣ ಮಾಡಿಸಬಹುದು. ಎಟಿಎಂನಿಂದ ತೆಗೆದ ಹಣಕ್ಕೆ ಅದರ ಚೀಟಿಗಳೇ ಆಧಾರ. ಅವುಗಳ ಮೇಲೆ ₹50,000ದವರೆಗೆ ಮರುವಿನಿಮಯಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಯಾವ ಕಾಗದವೂ ಇಲ್ಲದಿದ್ದರೆ, ಏಳು ದಿನದೊಳಗೆ ದೇಶ ಬಿಡುವುದು ಖಚಿತವಾಗಿದ್ದು ಸಂಸ್ಥೆಗೆ ಮನವರಿಕೆಯಾದರೆ, ₹10,000ದವರೆಗೆ ಬದಲಿಸಿಕೊಡಬಹುದು. ಈ ಕೆಲಸವೂ ಬಾದಾಮಿಯಲ್ಲಿ ಆಗುವುದಲ್ಲ, ಗೋವಾ ಅಥವಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆಗಬೇಕು. ನಾಣ್ಯಗಳನ್ನು ಅಲ್ಲಿಯೂ ಕೊಳ್ಳುವುದಿಲ್ಲ. ಆದ್ದರಿಂದ ಅನುಭವಿಗಳು ಬಾದಾಮಿ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಲೇ ಚಿಲ್ಲರೆಯನ್ನೆಲ್ಲ ಚಹಾ, ಶೇಂಗಾ ಚಿಕ್ಕಿಗಳಿಗೆ ಕೊಟ್ಟು ಮುಗಿಸುತ್ತಾರೆ. ಚಿಲ್ಲರೆಗಾಗಿ ದಿನವಿಡೀ ಪರದಾಡುವ ಅಂಗಡಿಯವನು ಅದನ್ನು ಎಣಿಸದೆಯೇ ಸಂತೋಷದಿಂದ ತೆಗೆದುಕೊಳ್ಳುತ್ತಾನೆ.